ಲಾಗ್‌ಶೀಟ್‌ನಿಂದಲೇ ಎಐ ಕಲಿಸುವುದು: ಸಬ್‌ಸ್ಟೇಷನ್, ಲೈನ್ ಸಿಬ್ಬಂದಿಯ ತರಬೇತಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಆಪರೇಟರ್‌ಗಳಿಗೆ, ಲೈನ್‌ಮನ್‌ಗಳಿಗೆ ಎಐ ಕಲಿಸುವವರು ಮೊದಲ ದಿನ ಸ್ಲೈಡ್ ಬದಿಗಿಟ್ಟು ಅವರೇ ತಾಸಿಗೊಮ್ಮೆ ತುಂಬುವ ಲಾಗ್‌ಶೀಟ್ ತರಿಸಿ. ಒಂದೇ 11 ಕೆವಿ ಐಪಿ ಫೀಡರ್ (ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಒಯ್ಯುವ ಲೈನ್) ಸಾಕು. 90 ದಿನ, ದಿನಕ್ಕೆ 24 ರೀಡಿಂಗ್ ಅಂದರೆ 2,160 ಸಾಲು. 12 ಜನರಿದ್ದರೆ 6 ಲ್ಯಾಪ್‌ಟಾಪ್. ಜೋಡಿಗೆ 15 ದಿನದ ಹಾಳೆ ಕೊಡಿ; ಒಬ್ಬರು ಓದಲಿ, ಇನ್ನೊಬ್ಬರು ಎಕ್ಸೆಲ್‌ಗೆ ತುಂಬಲಿ.

ದಿನಾಂಕ, ತಾಸು, ಆರ್-ವೈ-ಬಿ (ಮೂರು ಫೇಸ್‌ಗಳ) ಆಂಪಿಯರ್, ವೋಲ್ಟೇಜ್ ಕಾಲಂಗಳ ಜೊತೆಗೆ ಇನ್ನೆರಡು ಹಾಕಿಸಿ: ‘ತ್ರೀಫೇಸ್ ಇತ್ತೇ’ ಮತ್ತು ‘ಕಾರಣ’. ಇಡೀ ತರಬೇತಿ ನಿಂತಿರುವುದು ಈ ಎರಡರ ಮೇಲೆ.

ಸೊನ್ನೆಯ ವಿಷಯಕ್ಕೆ ಅರ್ಧ ದಿನ ಹೋದರೂ ಹೋಗಲಿ. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕೆಲಸಕ್ಕಾಗಿ ಲೈನ್ ಬಂದ್ ಮಾಡಿ ಕೊಡುವ ಅನುಮತಿ) ಕೊಟ್ಟಾಗಿನ 0 ನಿಜವಾದ 0. ದೋಷ ಬಂದು ಲೈನ್ ತಾನೇ ಟ್ರಿಪ್ ಆದಾಗಿನದೂ ನಿಜವೇ, ಆದರೆ ಕಾರಣ ಬೇರೆ. ಮೀಟರ್ ಕೆಟ್ಟಾಗ ಬರೆದ 0 ಮಾತ್ರ ಸುಳ್ಳು. ಆ ಕೋಶವನ್ನು ಖಾಲಿ ಬಿಡಬೇಕು. ಮೂರನ್ನೂ ಕಲಸಿದರೆ, ಆ ಹೊತ್ತಿಗೆ ಲೋಡೇ ಇರುವುದಿಲ್ಲ ಎಂದು ಈ ಅಂಕಿಗಳಿಂದ ಕಲಿಯುವ ಎಐ ಮಾಡೆಲ್ ತಪ್ಪು ಕಲಿಯುತ್ತದೆ. ಯಾವ ಸೊನ್ನೆ ಯಾವುದೆಂದು ಹೇಳಬಲ್ಲವರು ಶಿಫ್ಟ್‌ನಲ್ಲಿದ್ದವರೇ. ಎಷ್ಟೇ ಓದಿದ ಕಂಪ್ಯೂಟರ್ ತಜ್ಞನಿಗೂ ಅದು ಹೊಳೆಯದು, ಇದನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳಿ. ರಾತ್ರಿ 24:00 ಎಂದು ಬರೆದದ್ದು ಮರುದಿನದ 00:00 ಆಗಬೇಕು. 200/1 ಸಿಟಿ (ಮೀಟರಿಗಾಗಿ ಕರೆಂಟನ್ನು ತಗ್ಗಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ತೆಗೆದು 400/1 ಹಾಕಿ ಗುಣಕ ಬದಲಿಸದಿದ್ದರೆ, ಅಂದಿನಿಂದ ಲೋಡ್ ಅರ್ಧಕ್ಕೆ ಇಳಿದಂತೆ ಕಾಣುತ್ತದೆ.

ಮುಂದಿನದು ಲೋಡ್ ಎಷ್ಟಿರುತ್ತದೆ ಎಂಬ ಅಂದಾಜು. ಮೊದಲು ಎಐ ಬೇಡ. ‘ನಿನ್ನೆ ಇದೇ ತಾಸಿಗೆ ಇದ್ದ ಲೋಡೇ ಇಂದೂ ಇರುತ್ತದೆ’ ಎಂದಿಟ್ಟುಕೊಂಡು, ಪ್ರತಿ ಸಾಲಿನ ವ್ಯತ್ಯಾಸದ ಚಿಹ್ನೆ ಬಿಟ್ಟು ಸರಾಸರಿ ತೆಗೆಸಿ. ಮುಂದೆ ಯಾವ ಮಾಡೆಲ್ ಬಂದರೂ ಈ ಸರಾಸರಿ ತಪ್ಪಿಗಿಂತ ಕಡಿಮೆ ತೋರಿಸಬೇಕು; ಇಲ್ಲವಾದರೆ ಅದು ಉಪಯೋಗಕ್ಕಿಲ್ಲ. ಈ ಅಂದಾಜು ಎಡವುವ ಜಾಗ ಹುಡುಕಿಸಿ. ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ವಿದ್ಯುತ್ ಕೊಡುವ ಪಾಳಿ ಹಗಲಿನಿಂದ ರಾತ್ರಿಗೆ ಬದಲಾದ ದಿನ ಎಡವುತ್ತದೆ. ಹದ ಮಳೆಯಾದ ಮರುದಿನ ರೈತರು ಪಂಪ್‌ಸೆಟ್ ಚಾಲೂ ಮಾಡುವುದಿಲ್ಲ, ಆಗಲೂ ಎಡವುತ್ತದೆ. ಹಾಗಾದರೆ ಮಳೆಗೂ ಒಂದು ಕಾಲಂ ಬೇಕೆಂದು ಅವರೇ ಹೇಳುತ್ತಾರೆ.

ಈಗ ಪೈಥಾನ್ ಭಾಷೆಯ ಸೈಕಿಟ್-ಲರ್ನ್ ಲೈಬ್ರರಿಯಲ್ಲಿ ಡಿಸಿಷನ್ ಟ್ರೀ (ಹೌದು-ಇಲ್ಲ ಪ್ರಶ್ನೆಗಳ ಕವಲು ಹಿಡಿದು ಉತ್ತರಕ್ಕೆ ಬರುವ ಮಾಡೆಲ್) ಓಡಿಸಿ, ಆಳ, ಅಂದರೆ ಕವಲಿನ ಹಂತ, 3 ಅಥವಾ 4 ಇರಲಿ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರೆ ಲೈನ್‌ಮನ್ ಅದರ ಪ್ರತಿ ಕವಲನ್ನೂ ಓದಿ ತಕರಾರು ಎತ್ತಬಹುದು. ನ್ಯೂರಲ್ ನೆಟ್‌ವರ್ಕ್‌ನಲ್ಲಿ ಆ ಅನುಕೂಲವಿಲ್ಲ. ಮೊದಲ 75 ದಿನ ಕಲಿಕೆಗೆ, ಕೊನೆಯ 15 ದಿನ ಪರೀಕ್ಷೆಗೆ. ಸಾಲುಗಳನ್ನು ಕಲಸಿ ಹಂಚಬೇಡಿ. 10 ಮತ್ತು 12 ಗಂಟೆಯ ಲೋಡ್ ಗೊತ್ತಿದ್ದ ಮಾಡೆಲ್ 11 ಗಂಟೆಯದನ್ನು ಸರಿ ಹೇಳಿದರೆ ಅದು ಜಾಣತನವಲ್ಲ.

ಟಿಸಿ (ಊರು, ಹೊಲಗಳಲ್ಲಿನ ವಿತರಣಾ ಟ್ರಾನ್ಸ್‌ಫಾರ್ಮರ್) ಸುಡುವುದನ್ನು ಮುಂಚೆ ಗುರುತಿಸುವ ಪಾಠಕ್ಕೆ ಈ ಲೆಕ್ಕ ಹಾಕಿಸಿ: 1,000 ಟಿಸಿಯಲ್ಲಿ 30 ಸುಟ್ಟವು ಅಂದುಕೊಳ್ಳಿ. ‘ಯಾವುದೂ ಸುಡುವುದಿಲ್ಲ’ ಎನ್ನುವ ಮಾಡೆಲ್‌ಗೂ 97 ಶೇಕಡ ಅಂಕ ಸಿಗುತ್ತದೆ, ಒಂದನ್ನೂ ಹಿಡಿಯದೆ. ಆದ್ದರಿಂದ ಎಣಿಸಬೇಕಾದದ್ದು ಎರಡು: 30ರಲ್ಲಿ ಎಷ್ಟು ಹಿಡಿಯಿತು, ಸುಡದ ಟಿಸಿಯನ್ನೂ ಸುಡುತ್ತದೆಂದು ಹೇಳಿ ಎಷ್ಟು ಕಡೆ ಸುಮ್ಮನೆ ಓಡಾಡಿಸಿತು. ಮಾಹಿತಿಗೆ ಟಾಂಗ್ ಟೆಸ್ಟರ್‌ನಲ್ಲಿ (ತಂತಿಯನ್ನು ಹಿಡಿದು ಆಂಪಿಯರ್ ಅಳೆಯುವ ಮೀಟರ್) ಮೂರೂ ಫೇಸ್ ಅಳೆಯಿಸಿ. 433 ವೋಲ್ಟ್‌ಗೆ 63 ಕೆವಿಎ ಟಿಸಿಯ ಪೂರ್ಣ ಲೋಡ್ ಸುಮಾರು 84 ಆಂಪಿಯರ್, 100 ಕೆವಿಎಗೆ 133. ಎಣ್ಣೆ ಮಟ್ಟ, ಎಷ್ಟು ಸಲ ರಿಪೇರಿಯಾಗಿ ಬಂದದ್ದು, ರಿಜಿಸ್ಟರ್‌ನಲ್ಲಿಲ್ಲದ ಪಂಪ್‌ಸೆಟ್‌ಗಳೆಷ್ಟು ಎಂಬುದನ್ನೂ ಬರೆಸಿ. ಕೊನೆಯದು ಲೈನ್‌ಮನ್‌ಗೆ ಮಾತ್ರ ಗೊತ್ತಿರುವ ಸಂಖ್ಯೆ.

ಗದಗ ಕಡೆಯ ಗಾಳಿಯಂತ್ರಗಳವರಿಗೆ ಇದೇ ಕ್ರಮ, ಸ್ಕಾಡಾ (ಯಂತ್ರಗಳನ್ನು ದೂರದಿಂದ ಗಮನಿಸುವ ಕಂಪ್ಯೂಟರ್ ವ್ಯವಸ್ಥೆ) 10 ನಿಮಿಷಕ್ಕೊಮ್ಮೆ ಇಡುವ ದಾಖಲೆಯೊಂದಿಗೆ. ಗ್ರಿಡ್ ಸೂಚನೆಯಂತೆ ಉತ್ಪಾದನೆ ತಗ್ಗಿಸಿದ ಹೊತ್ತನ್ನು ಗುರುತು ಹಾಕದಿದ್ದರೆ, ಒಳ್ಳೆಯ ಟರ್ಬೈನನ್ನೇ ಕೆಟ್ಟಿದೆ ಎನ್ನುತ್ತದೆ ಮಾಡೆಲ್.

ಚಾಟ್‌ಬಾಟ್‌ಗೆ ಒಂದು ತಾಸು ಸಾಕು. ಕನ್ನಡದಲ್ಲೇ ಕೇಳಿ ಎಕ್ಸೆಲ್ ಸೂತ್ರ ಬರೆಸಿಕೊಳ್ಳುವುದು, ವರದಿ ತಿದ್ದಿಸಿಕೊಳ್ಳುವುದು ಕಲಿಸಿ. ಗ್ರಾಹಕರ ಹೆಸರು, ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಅದಕ್ಕೆ ಹಾಕಬಾರದು. ಸ್ವಿಚಿಂಗ್ ಕ್ರಮವನ್ನು (ಯಾವ ಸ್ವಿಚ್ ಮೊದಲು, ಯಾವುದು ನಂತರ ಎಂಬುದನ್ನು) ಅದನ್ನು ಎಂದಿಗೂ ಕೇಳಬಾರದು: ನಿಮ್ಮ ಸ್ಟೇಷನ್ನಿನಲ್ಲಿ ಬ್ಯಾಕ್‌ಫೀಡ್ (ಬಂದ್ ಮಾಡಿದ ಲೈನಿಗೆ ಬೇರೆ ಕಡೆಯಿಂದ ಹರಿದು ಬರುವ ವಿದ್ಯುತ್) ಎಲ್ಲಿಂದ ಬರುತ್ತದೆಂದು ಅದಕ್ಕೆ ತಿಳಿದಿಲ್ಲ, ಆದರೂ ಉತ್ತರ ಕೊಡುತ್ತದೆ.

ಕೊನೆಯ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬೇಡ. ಒಂದು ವಾರದ ಲಾಗ್‌ಶೀಟ್‌ನಲ್ಲಿ ನೀವೇ 10 ತಪ್ಪು ಸೇರಿಸಿ ಕೊಡಿ. ತಪ್ಪು ಹುಡುಕಿದರೆ ಅರ್ಧ ಅಂಕ, ಅದು ಹೇಗೆ ಬಂದಿರಬಹುದೆಂದು ವಿವರಿಸಿದರೆ ಪೂರ್ತಿ ಅಂಕ.