ಅಕ್ಷರ ಕನ್ನಡ, ಮಾತು ತಮಿಳು: ನಮ್ಮ ಸಭೆಯ ತಿಂಗಳ ಹಾಳೆ

ಕೆಜಿಎಫ್‌ನ ನಮ್ಮ ಲೂಥರನ್ ಸಭೆ (ಚರ್ಚು) ತಮಿಳನ್ನೇ ಕನ್ನಡ ಅಕ್ಷರದಲ್ಲಿ ಬರೆದು ತರುವ ತಿಂಗಳ ಹಾಳೆ ಈಗ ಬೆಂಚಿನ ಮೇಲೆ ಉಳಿಯುವುದಿಲ್ಲ. ಆರಾಧನೆ ಮುಗಿದು ಅರ್ಧ ಗಂಟೆಗೆ ಕಟ್ಟು ಖಾಲಿ. ಇದು ನಡೆಯಲ್ಲ ಎಂದವರೇ ಈಗ "ನನಗೊಂದು ಎತ್ತಿಡಪ್ಪ" ಅನ್ನುತ್ತಾರೆ. ಕೋಲಾರ, ಬಂಗಾರಪೇಟೆ ಕಡೆ ಸಭೆಯ ಪತ್ರಿಕೆ ಮಾಡುವವರು ಹೇಗೆ ಮಾಡಿದಿರಿ ಎಂದು ಕೇಳುತ್ತಲೇ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪುಟ ಕಟ್ಟುವುದು, ನುಡಿ ತಂತ್ರಾಂಶದಿಂದ ಯೂನಿಕೋಡ್‌ಗೆ ತರುವುದು ಎಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡಿ.

ನಮ್ಮ ಮನೆಗಳ ಕಥೆಯೂ ಗೊತ್ತು. ಗಣಿ ಕೆಲಸಕ್ಕೆ ಬಂದ ತಮಿಳರ ಮಕ್ಕಳು ನಾವು. ಅಜ್ಜಿ ತಮಿಳು ಓದುತ್ತಿದ್ದರು, ಈಗ ಕಣ್ಣು ಕಾಣುವುದಿಲ್ಲ. ಮೊಮ್ಮಗಳು ಮನೆಯಲ್ಲಿ ತಮಿಳು ಮಾತಾಡುತ್ತಾಳೆ, ಆದರೆ ಶಾಲೆಯಲ್ಲಿ ಕಲಿತದ್ದು ಕನ್ನಡ ಮತ್ತು ಇಂಗ್ಲಿಷ್ ಅಕ್ಷರ. 2001ರಲ್ಲಿ ಗಣಿ ಮುಚ್ಚಿದ ಮೇಲೆ ದುಡಿಯುವವರೆಲ್ಲ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ. ಊರಲ್ಲಿ ಯಾರು ತೀರಿಕೊಂಡರು ಅನ್ನೋದೂ ಅವರಿಗೆ ತಡವಾಗಿ ಗೊತ್ತಾಗುತ್ತದೆ.

ಮೊದಲು ತಮಿಳಲ್ಲಿ ನಾಲ್ಕು ಪುಟ ಆಫ್‌ಸೆಟ್ ಮಾಡಿಸಿದೆವು. ಪ್ರೆಸ್‌ನವರು 500ಕ್ಕೆ ಕಡಿಮೆ ಹಾಕಲ್ಲ ಅಂದರು. ನಮಗೆ ಬೇಕಿದ್ದದ್ದು ಇನ್ನೂರು ಚಿಲ್ಲರೆ. ತಿಂಗಳಿಗೆ ಮೂರು ಸಾವಿರದ ಹತ್ತಿರ ಹೋಗುತ್ತಿತ್ತು. ಮಿಕ್ಕ ಕಟ್ಟುಗಳು ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆ ಹಣ್ಣು ಹರಾಜಾಗುವ ದಿನ ಹಣ್ಣು ಸುತ್ತಲು ಹೋದವು. ಆಮೇಲೆ ಪೂರ್ತಿ ಕನ್ನಡದಲ್ಲಿ ತಂದೆವು. ಹುಡುಗರೇನೋ ಓದಿದರು, ಆದರೆ ಧ್ಯಾನದ (ಬೈಬಲ್ ಚಿಂತನೆಯ) ಭಾಗ ತಾಲ್ಲೂಕು ಕಚೇರಿ ಸುತ್ತೋಲೆ ಥರ ಇತ್ತು. ಆರಾಧನೆಯಲ್ಲಿ ತಮಿಳು ಪ್ರಸಂಗ (ಬೋಧನೆ) ಕೇಳಿ ಬಂದು ಅದನ್ನೇ ಕನ್ನಡದಲ್ಲಿ ಓದಿದರೆ ಯಾರದ್ದೋ ಮಾತು ಅನಿಸುತ್ತದೆ, ಅಲ್ವಾ? ನಡುವೆ ಪಿಡಿಎಫ್ ಮಾಡಿ ವಾಟ್ಸಾಪ್‌ಗೆ ಹಾಕಿದೆವು. ದುಡ್ಡು ಉಳಿಯಿತು. ತೆರೆದವರು ಎಷ್ಟು ಜನ ಅಂತ ಕೇಳಬೇಡಿ.

ಆಗ ನಾನು ಹೇಳಿದೆ: ತಮಿಳನ್ನೇ ಕನ್ನಡ ಅಕ್ಷರದಲ್ಲಿ ಹಾಕೋಣ. ಕಮಿಟಿಯಲ್ಲಿ ಒಬ್ಬರು ನಕ್ಕರು. ಇನ್ನೊಬ್ಬರು "ಅತ್ತ ತಮಿಳೂ ಅಲ್ಲ, ಇತ್ತ ಕನ್ನಡವೂ ಅಲ್ಲ" ಅಂದರು. ಸಭೆಯ ಕಾಣಿಕೆ ದುಡ್ಡು ಇದಕ್ಕೆ ಕೊಡಲ್ಲ ಎಂದೂ ಆಯಿತು. ಮೊದಲ ಕೆಲವು ತಿಂಗಳು ನನ್ನ ಜೇಬಿನಿಂದಲೇ ನಡೆಯಿತು.

ತಮಿಳು ಲಿಪಿಯನ್ನು ಕನ್ನಡ ಲಿಪಿಗೆ ತರುವ ಪರಿವರ್ತಕ ತಂತ್ರಾಂಶವನ್ನು ಮಾತ್ರ ನಂಬಿ ಕೂರಬೇಡಿ. ಅದು ಅಕ್ಷರಕ್ಕೆ ಅಕ್ಷರ ಕೂರಿಸುತ್ತದೆ. ತಮಿಳಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ, ಬ ಎರಡಕ್ಕೂ ಒಂದೇ. ಹಾಗಾಗಿ ಮಗನ್ ಹೋಗಿ ಮಕನ್, ಅನ್ಬು ಹೋಗಿ ಅನ್ಪು. ದೃಢೀಕರಣ ತರಗತಿಯ (ಮಕ್ಕಳನ್ನು ಸಭೆಯ ಪೂರ್ಣ ಸದಸ್ಯತ್ವಕ್ಕೆ ಸಿದ್ಧಮಾಡುವ ತರಗತಿ) ಹುಡುಗಿಯೊಬ್ಬಳು ಕರಡನ್ನು ಗಟ್ಟಿಯಾಗಿ ಓದಿದಾಗ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಆವತ್ತಿಂದ ತಮಿಳು ಕಾಗುಣಿತ ಬಿಟ್ಟು ಬಾಯಿಮಾತಿನ ಉಚ್ಚಾರವನ್ನೇ ಹಿಡಿದೆ. ತಮಿಳಿನ ಆ ವಿಶೇಷ ಳಕಾರಕ್ಕೆ ಹಳಗನ್ನಡದ ೞ ಹಾಕಿ ನೋಡಿದೆ. ನನಗೆ ಭಾರಿ ಖುಷಿ, ಓದುವವರಿಗೆ ತಲೆಬುಡ ತಿಳಿಯಲಿಲ್ಲ. ನಮ್ಮೂರ ಬಾಯಲ್ಲಿ ಹೇಗೂ ಅದು ಳ, ಸುಮ್ನೆ ಳ ಹಾಕಿದೆ. ಈಗ ಹುಡುಕಿ ಬದಲಿಸುವ ಪಟ್ಟಿಯೇ ಮುನ್ನೂರು ಸಾಲು ದಾಟಿರಬೇಕು. ಅದನ್ನು ಒಂದು ಕ್ರಮದಲ್ಲೇ ಓಡಿಸಬೇಕು, ಇಲ್ಲದಿದ್ದರೆ ಎಲ್ಲ ಕಲಸುಮೇಲೋಗರ. ಆ ಕ್ರಮ ಮಾತ್ರ ನನ್ನ ಹತ್ತಿರವೇ ಇರಲಿ.

ಅಕ್ಷರದ ಗಾತ್ರದ ಮಾತಿಗೆ ಬಂದರೆ, ತಮಿಳುನಾಡಿನ ತರಂಗಂಬಾಡಿಯಲ್ಲಿ ಜರ್ಮನ್ ಮಿಷನರಿ ಝೀಗನ್‌ಬಾಲ್ಗ್ ಬೈಬಲಿನ ಹೊಸ ಒಡಂಬಡಿಕೆಯನ್ನು ತಮಿಳಲ್ಲಿ ಅಚ್ಚು ಹಾಕಿಸುವಾಗ ಜರ್ಮನಿಯ ಹಾಲೆ ನಗರದಿಂದ ಬಂದ ಅಚ್ಚಿನ ಮೊಳೆಗಳು ದೊಡ್ಡವಾಗಿದ್ದವು. ಕಾಗದ ಸಾಲದು ಅಂತ ಅಲ್ಲೇ ಚಿಕ್ಕ ಮೊಳೆ ಎರಕ ಹೊಯ್ಸಿದರು. 1715ಕ್ಕೆ ಪುಸ್ತಕ ಬಂತು. ನನಗೂ ಅದೇ ಆಸೆ ಇತ್ತು, ಆದರೆ ಚಿಕ್ಕದು ಮಾಡಿದರೆ ಐವತ್ತು ದಾಟಿದವರು ಬೈಯುತ್ತಾರೆ. 14 ಪಾಯಿಂಟ್‌ಗೆ ನಿಲ್ಲಿಸಿ ಬರಹವನ್ನೇ ಕತ್ತರಿಸಿದೆ. ಒಂದು ಎ3 ಹಾಳೆ, ಎರಡೂ ಬದಿ ಝೆರಾಕ್ಸ್. ರೈಲಲ್ಲಿ ನಿಂತುಕೊಂಡು ಒಂದೇ ಕೈಯಲ್ಲಿ ಓದುವಂತೆ ಮಡಿಕೆ. ತಿಂಗಳಿಗೆ ಸಾವಿರದ ಆಸುಪಾಸು ಖರ್ಚು. ಮದುವೆ ವಾರ್ಷಿಕೋತ್ಸವದ ಶುಭಾಶಯಕ್ಕೆ 100 ರೂಪಾಯಿ ಇಟ್ಟೆವು, ಸಾಮಾನ್ಯವಾಗಿ ಅದರಲ್ಲೇ ಮುಕ್ಕಾಲು ಭಾಗ ಹುಟ್ಟುತ್ತದೆ. ಮರಣದ ಸುದ್ದಿಗೆ ಕಾಸು ತೆಗೆದುಕೊಳ್ಳುವುದಿಲ್ಲ. ಅದು ಯಾವಾಗಲೂ ಮೊದಲ ಪುಟದಲ್ಲೇ ಇರುತ್ತದೆ.

ಹೊರಗಿನ ಸಭೆಗಳ ಸುದ್ದಿಯೇ ಜಾಸ್ತಿ ಕಷ್ಟ ಕೊಟ್ಟಿದ್ದು. 2023ರ ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟದ 13ನೇ ಮಹಾಸಭೆ ನಡೆಯಿತು. ಅರ್ಧ ಪುಟ ಹಾಕಿದೆ: ವಿಷಯ, ನಿರ್ಣಯ, ಹೊಸ ಅಧ್ಯಕ್ಷರು. ಒಬ್ಬರೂ ಆ ಬಗ್ಗೆ ಮಾತಾಡಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಜೆರುಸಲೇಮಿನ ನಮ್ಮ ಲೂಥರನ್ ಸಭೆಯಲ್ಲಿ ಸ್ಯಾಲಿ ಅಝರ್ ಅವರಿಗೆ ಗುರುದೀಕ್ಷೆ ಆಗಿತ್ತು. ಪ್ಯಾಲೆಸ್ತೀನಿನ ಮೊದಲ ಮಹಿಳಾ ಸಭಾಪಾಲಕಿ. ಹಳೇ ಸುದ್ದಿ ಅಂತ ಅನುಮಾನದಲ್ಲೇ ಆರೇಳು ಸಾಲು ಹಾಕಿದೆ. ಮುಂದಿನ ವಾರ ಸ್ತ್ರೀ ಸಂಘದಲ್ಲಿ ಅದೇ ಚರ್ಚೆ, ಸ್ವಲ್ಪ ಜಗಳವೂ ಆಯಿತಂತೆ. ಈಗ ಒಕ್ಕೂಟ, ಸಿನೋಡ್ (ಚರ್ಚುಗಳ ಆಡಳಿತ ಮಂಡಳಿ), ಸಮಿತಿ ಏನೇ ಇರಲಿ, ಒಬ್ಬ ಮನುಷ್ಯ, ಒಂದು ಊರು ಸಿಗದಿದ್ದರೆ ಆ ಸುದ್ದಿ ಹಾಕುವುದಿಲ್ಲ.

ಧ್ಯಾನಕ್ಕೆ, ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಚಿಕ್ಕ ಜ್ಞಾನೋಪದೇಶದ (ಪ್ರಶ್ನೋತ್ತರದ ಬೋಧನಾ ಪುಸ್ತಕ) ದಾರಿ ಹಿಡಿದೆ. ಒಂದು ಬೈಬಲ್ ವಚನ, ಕೆಳಗೆ "ಇದರ ಅರ್ಥವೇನು?", ಅದರ ಕೆಳಗೆ ನೂರು ನೂರಿಪ್ಪತ್ತು ಪದ. ಅಯ್ಯನವರು (ಸಭಾಪಾಲಕರು) ಬರೆದು ಕೊಡುವುದಿಲ್ಲ, ಪುರುಸೊತ್ತಿಲ್ಲ. ಅವರ ಪ್ರಸಂಗವನ್ನು ಫೋನಲ್ಲಿ ಹಿಡಿದು ಒಂದೇ ಮಾತು ತೆಗೆಯುತ್ತೇನೆ. ಯಾವ ಮಾತು ಎಂದು ಆರಿಸುವುದಕ್ಕೂ ನನ್ನದೊಂದು ಉಪಾಯ ಇದೆ, ಅದನ್ನೂ ಹೇಳುವುದಿಲ್ಲ. ಮನೆಗಳಲ್ಲಿ ಈಗ ಮೊಮ್ಮಕ್ಕಳು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಮಗು ಓದುವುದು ಕನ್ನಡ ಅಕ್ಷರ, ಅಜ್ಜಿಗೆ ಕೇಳುವುದು ತನ್ನ ತಮಿಳು. ಪೂರ್ತಿ ಕನ್ನಡದ ಹಾಳೆಯಿಂದ ಇದು ಆಗಿರಲಿಲ್ಲ. ನಕ್ಕಿದ್ದ ಕಮಿಟಿ ಸದಸ್ಯರ ಮನೆಯಲ್ಲೂ ಹೀಗೇ ನಡೆಯುತ್ತದೆ, ನಾನೇ ಹೋಗಿ ನೋಡಿದ್ದೇನೆ.

ಅಡ್ಡ ಪ್ರಯೋಗಗಳೂ ನಡೆದವು. ಆಡಿಯೋ ಮಾಡಿದೆವು, ನಾಲ್ಕು ನಿಮಿಷ ದಾಟಿದರೆ ಕೇಳುವುದಿಲ್ಲ. ಕಾಣಿಕೆಗೆ ಹಾಳೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಹಾಕಿದೆವು, ಝೆರಾಕ್ಸಲ್ಲಿ ಮಸುಕಾಗಿ ಸ್ಕ್ಯಾನೇ ಆಗಲಿಲ್ಲ. ಖಾಲಿ ಉಳಿದ ಜಾಗ ತುಂಬಿಸಲು ಆ ತಿಂಗಳ ಒಂದು ಹಾಡನ್ನು ಕನ್ನಡ ಅಕ್ಷರದಲ್ಲಿ ಹಾಕಿದ್ದು ಮಾತ್ರ ಎಣಿಸದಷ್ಟು ಓಡಿತು. ಹುಡುಗರು ಅದನ್ನು ಕತ್ತರಿಸಿ ಹಾಡಿನ ಪುಸ್ತಕದೊಳಗೆ ಅಂಟಿಸಿಕೊಳ್ಳುತ್ತಾರೆ. ಹಿಂದಿನ ಬದಿಯಲ್ಲಿ ಮರಣದ ಸುದ್ದಿ ಬಂದು ಎರಡೂ ಹರಿದುಹೋಗುತ್ತಿತ್ತು. ಈಗ ಹಾಡಿನ ಹಿಂದೆ ಲೆಕ್ಕಪತ್ರ ಹಾಕುತ್ತೇನೆ. ಅದು ಹರಿದರೆ ಖಜಾಂಚಿ ಬಿಟ್ಟು ಬೇರೆ ಯಾರಿಗೂ ಬೇಸರ ಇಲ್ಲ.

ಡಿಸೆಂಬರಿಗೆ ಕ್ರಿಸ್‌ಮಸ್ ಹಾಡುಗಳನ್ನೇ ಒಂದು ಚಿಕ್ಕ ಪುಸ್ತಕ ಮಾಡಿ ಅಂತ ಪಕ್ಕದ ಎರಡು ಸಭೆಗಳಿಂದ ಬೇಡಿಕೆ ಬಂದಿದೆ. ಹನ್ನೆರಡು ಪುಟ ಆಗುತ್ತಿದೆ, ಪ್ರತಿಗೆ ಹತ್ತು ರೂಪಾಯಿ ಇಡೋಣ ಅಂದುಕೊಂಡಿದ್ದೇನೆ. ಮುಂಗಡ ಕೊಟ್ಟವರಿಗೆ ಮಾತ್ರ ಹಾಕಿಸುತ್ತೇನೆ, ಹಣ್ಣು ಸುತ್ತಲು ಇನ್ನು ನನ್ನ ಹತ್ತಿರ ಕಾಗದ ಇಲ್ಲ.