ಗ್ರಿಮ್ ಸಹೋದರರ ಕಥೆಗಳು: ಯಾವ ಪುಸ್ತಕವನ್ನು ಕೊಳ್ಳಬೇಕು?

ಪುಸ್ತಕದಂಗಡಿಯಲ್ಲಿ ಗ್ರಿಮ್ ಸಹೋದರರ ಹೆಸರು ಹೊತ್ತ ಪುಸ್ತಕಗಳು ಹಲವು ಸಿಗುತ್ತವೆ. ಹೊದಿಕೆಯ ಮೇಲಿನ ಹೆಸರು ಒಂದೇ ಆದರೂ ಒಳಗಿರುವ ಕಥೆ ಒಂದೇ ಆಗಿರುವುದಿಲ್ಲ. ಆದ್ದರಿಂದ ಬೆಲೆಯನ್ನೂ ಚಿತ್ರಗಳನ್ನೂ ನೋಡುವ ಮೊದಲು, ಆ ಪುಸ್ತಕ ಯಾವ ವರ್ಷದ ಜರ್ಮನ್ ಪಠ್ಯವನ್ನು ಆಧರಿಸಿದೆ ಎಂಬುದನ್ನು ಮುನ್ನುಡಿಯಲ್ಲಿ ಹುಡುಕಬೇಕು.

ಜರ್ಮನಿಯ ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ತಮ್ಮ ಜನಪದ ಕಥೆಗಳ ಸಂಗ್ರಹದ ಮೊದಲ ಸಂಪುಟವನ್ನು 1812ರಲ್ಲಿ, ಎರಡನೆಯದನ್ನು 1815ರಲ್ಲಿ ಹೊರತಂದರು. ಆಗ ಅದರಲ್ಲಿದ್ದುದು 156 ಕಥೆಗಳು. ಮುಂದಿನ ನಾಲ್ಕು ದಶಕಗಳಲ್ಲಿ ಅದು ಮತ್ತೆ ಮತ್ತೆ ಪರಿಷ್ಕಾರಗೊಂಡು, 1857ರ ಏಳನೆಯ ಆವೃತ್ತಿಯ ಹೊತ್ತಿಗೆ 200 ಕಥೆಗಳೂ ಹತ್ತು ಧಾರ್ಮಿಕ ಐತಿಹ್ಯಗಳೂ ಇರುವ ಗ್ರಂಥವಾಯಿತು. ಬದಲಾದದ್ದು ಸಂಖ್ಯೆ ಮಾತ್ರವಲ್ಲ. 1812ರ ಪಠ್ಯದಲ್ಲಿ ಸ್ನೋವೈಟಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರಲ್ಲಿ ಆ ಜಾಗಕ್ಕೆ ಮಲತಾಯಿ ಬಂದಳು. ಹಾನ್ಸೆಲ್ ಮತ್ತು ಗ್ರೆಟೆಲ್‌ರನ್ನು ಕಾಡಿಗೆ ಅಟ್ಟುವ ತಾಯಿ ಮಲತಾಯಿಯಾದದ್ದು 1840ರಲ್ಲಿ. ಗೋಪುರದಲ್ಲಿ ಬಂದಿಯಾಗಿದ್ದ ರಾಪುನ್ಸೆಲ್ ಮೊದಲ ಆವೃತ್ತಿಯಲ್ಲಿ, ತನ್ನ ಬಟ್ಟೆಗಳೆಲ್ಲ ಯಾಕೆ ಬಿಗಿಯಾಗುತ್ತಿವೆ ಎಂದು ತನ್ನನ್ನು ಬಂಧಿಸಿಟ್ಟವಳನ್ನೇ ಮುಗ್ಧವಾಗಿ ಕೇಳಿ, ತಾನು ಬಸುರಿಯೆಂಬ ಗುಟ್ಟನ್ನು ಅರಿವಿಲ್ಲದೆ ಬಿಟ್ಟುಕೊಡುತ್ತಾಳೆ. 1857ರ ಪಠ್ಯದಲ್ಲಿ ಅವಳು ಕೇಳುವುದು, ರಾಜಕುಮಾರನಿಗಿಂತ ನಿನ್ನನ್ನು ಮೇಲೆಳೆಯುವುದು ಯಾಕಿಷ್ಟು ಭಾರ ಎಂದು. ತಿದ್ದಿದ ಕೈ ಬಹುಮಟ್ಟಿಗೆ ವಿಲ್ಹೆಲ್ಮನದು. ಕಥೆಗಳಿಗೆ ಇಂದು ನಾವು ಗುರುತಿಸುವ ಲಯವನ್ನು ತಂದುಕೊಟ್ಟವನೂ ಅವನೇ. ಮೊದಲ ಬಾರಿಗೆ ಓದುವವರು 1857ರ ಪಠ್ಯವನ್ನೇ ಆರಿಸಿಕೊಳ್ಳಬೇಕು, ಅದರ ರುಚಿ ಹತ್ತಿದ ಮೇಲೆ 1812ರದಕ್ಕೆ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ಹೆಜ್ಜೆಯಾಗಿ ಪರಿವಿಡಿಯನ್ನು ತೆರೆದು ಕಥೆಗಳನ್ನು ಎಣಿಸಿ. ಸಂಪೂರ್ಣ ಎಂದು ಹೇಳಿಕೊಳ್ಳುವ ಪುಸ್ತಕದಲ್ಲಿ ಮೊದಲನೆಯದು ಕಪ್ಪೆರಾಜನ ಕಥೆ, ಇನ್ನೂರನೆಯದು ಚಿನ್ನದ ಕೀಲಿಕೈ ಆಗಿರಬೇಕು. ಆಯ್ದ ಕಥೆಗಳ ಪುಸ್ತಕವನ್ನು ಕೀಳೆಂದು ತಿಳಿಯಬೇಕಾಗಿಲ್ಲ; ಗ್ರಿಮ್ ಸಹೋದರರೇ 1825ರಲ್ಲಿ 50 ಕಥೆಗಳ ಚಿಕ್ಕ ಆವೃತ್ತಿಯೊಂದನ್ನು, ತಮ್ಮ ತಮ್ಮನಾದ ಲುಡ್‌ವಿಗ್ ಎಮಿಲ್‌ನ ಚಿತ್ರಗಳೊಂದಿಗೆ ಪ್ರಕಟಿಸಿದ್ದರು.

ಮೂರನೆಯದು ಅನುವಾದಕರ ಹೆಸರು. ಹೆಸರೇ ಇಲ್ಲದ ಪುಸ್ತಕವನ್ನು ಕೆಳಗಿಟ್ಟುಬಿಡಿ. ಇಂಗ್ಲಿಷಿನಲ್ಲಿ ಓದುವವರಿಗೆ ಎಡ್ಗರ್ ಟೇಲರ್‌ನ 1823ರ ಅನುವಾದ ಈಗಲೂ ಸಿಗುತ್ತದೆ, ಆದರೆ ಅವನು ಓದುಗರ ಮನಸ್ಸು ನೋಯದಿರಲೆಂದು ಕಥೆಗಳನ್ನು ಧಾರಾಳವಾಗಿ ಮೆದುಗೊಳಿಸಿದ್ದಾನೆ. ಮಾರ್ಗರೆಟ್ ಹಂಟ್ 1884ರಲ್ಲಿ ಮಾಡಿದ ಪೂರ್ಣ ಅನುವಾದ ನಿಷ್ಠೆಯದು. ಭಾಷೆ ಮಾತ್ರ ಹಳೆಯದು. ಇಂದಿನ ಓದಿಗೆ ರಾಲ್ಫ್ ಮ್ಯಾನ್‌ಹೈಮ್ ಅವರ 1977ರ ಅನುವಾದ ಅಥವಾ ಜ್ಯಾಕ್ ಝೈಪ್ಸ್ ಅವರ 1987ರ ಅನುವಾದ ಒಳ್ಳೆಯದು. ಮೊದಲ ಆವೃತ್ತಿಯನ್ನು ಝೈಪ್ಸ್ ಅವರೇ 2014ರಲ್ಲಿ ಇಂಗ್ಲಿಷಿಗೆ ತಂದಿದ್ದಾರೆ. ಜರ್ಮನ್ ಬಲ್ಲವರು ಹೈನ್ಸ್ ರೋಲೆಕೆ ಸಂಪಾದಿಸಿದ ಮೂರು ಸಂಪುಟಗಳ ರೆಕ್ಲಾಮ್ ಪ್ರಕಾಶನದ ಆವೃತ್ತಿಯನ್ನು ಕೊಂಡರೆ ಬೇರೆಯದನ್ನು ಹುಡುಕಬೇಕಾಗಿಲ್ಲ. ಕನ್ನಡ ಅನುವಾದವಾದರೆ, ಅದು ನೇರವಾಗಿ ಜರ್ಮನ್‌ನಿಂದ ಬಂದದ್ದೋ ಇಂಗ್ಲಿಷಿನ ಮೂಲಕ ಬಂದದ್ದೋ, ಇಂಗ್ಲಿಷಿನದಾದರೆ ಯಾರ ಅನುವಾದದಿಂದ ಎಂಬುದನ್ನು ಒಳಪುಟದಲ್ಲಿ ನೋಡಿಕೊಳ್ಳಿ.

ಮುನ್ನುಡಿ ಏನನ್ನೂ ಹೇಳದಿದ್ದರೆ ಅಂಗಡಿಯಲ್ಲೇ ಎರಡು ಕಥೆಗಳ ಕೊನೆಯ ಭಾಗವನ್ನು ಓದಿ. ಗ್ರಿಮ್‌ರ ರಾಜಕುಮಾರಿ ಕಪ್ಪೆಗೆ ಮುತ್ತು ಕೊಡುವುದಿಲ್ಲ. ಸಿಟ್ಟಿನಿಂದ ಅದನ್ನೆತ್ತಿ ಗೋಡೆಗೆ ಅಪ್ಪಳಿಸುತ್ತಾಳೆ. ಅವರ ಸಿಂಡ್ರೆಲಾಳಿಗೆ ಗಾಜಿನ ಪಾದರಕ್ಷೆಯೂ ಇಲ್ಲ, ಕುಂಬಳಕಾಯಿಯ ರಥವೂ ಇಲ್ಲ. ತಾಯಿಯ ಸಮಾಧಿಯ ಮೇಲೆ ಬೆಳೆದ ಮರ ಅವಳಿಗೆ ಉಡುಪು ಕೊಡುತ್ತದೆ. ಮಲ ಅಕ್ಕಂದಿರು ಚಿನ್ನದ ಪಾದರಕ್ಷೆಯೊಳಗೆ ಕಾಲು ತೂರಿಸಲು ಒಬ್ಬಳು ಹೆಬ್ಬೆರಳನ್ನೂ ಇನ್ನೊಬ್ಬಳು ಹಿಮ್ಮಡಿಯನ್ನೂ ಕತ್ತರಿಸಿಕೊಳ್ಳುತ್ತಾರೆ. ಮುತ್ತು, ಗಾಜು, ಕುಂಬಳಕಾಯಿ ಕಂಡರೆ ಅದು ಬೇರೆಯವರು ಮರಳಿ ಹೇಳಿದ ಕಥೆ.

ಟಿಪ್ಪಣಿಗಳಿರುವ ಪುಸ್ತಕಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಕಾಸೆಲ್ ಬಳಿಯ ಡೊರೊಥೆಯಾ ಫೀಮನ್ ಎಂಬ, ದರ್ಜಿಯೊಬ್ಬನ ಕೈಹಿಡಿದಿದ್ದ ಹೆಂಗಸು ಎರಡನೆಯ ಸಂಪುಟಕ್ಕೆ ಎಷ್ಟೊಂದು ಕಥೆ ಹೇಳಿದಳು, ಬೆಸ್ತ ಮತ್ತು ಅವನ ಹೆಂಡತಿಯ ಕಥೆಯನ್ನು ಚಿತ್ರಕಾರ ರುಂಗೆ ಉತ್ತರ ಜರ್ಮನಿಯ ಆಡುನುಡಿಯಲ್ಲಿ ಬರೆದುಕೊಟ್ಟದ್ದು ಹೇಗೆ ಎಂಬುದೆಲ್ಲ ತಿಳಿಯುವುದು ಅಲ್ಲಿಂದಲೇ. ಚಿತ್ರಗಳ ಆಯ್ಕೆ ನಿಮ್ಮ ಕಣ್ಣಿಗೆ ಬಿಟ್ಟದ್ದು.

ಮಗುವಿಗೆಂದು ಸಂಪೂರ್ಣ ಆವೃತ್ತಿಯನ್ನು ಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು. 110ನೆಯ ಕಥೆಯಲ್ಲಿ ಯೆಹೂದಿಯೊಬ್ಬನನ್ನು ಮುಳ್ಳಿನ ಪೊದೆಯಲ್ಲಿ ಕುಣಿಸಿ, ಕೊನೆಗೆ ಗಲ್ಲಿಗೇರಿಸುವುದನ್ನು ತಮಾಷೆಯೆಂಬಂತೆ ಹೇಳಲಾಗಿದೆ. ಅಂಥ ದ್ವೇಷದ ಹಿನ್ನೆಲೆಯನ್ನು ವಿವರಿಸಬಲ್ಲ ವಯಸ್ಕರು ಪಕ್ಕದಲ್ಲಿ ಇಲ್ಲದೆ ಅದನ್ನು ಮಗುವಿನ ಓದಿಗೆ ಬಿಡಬಾರದು. ಎಳೆಯ ಮಕ್ಕಳಿಗಾದರೆ, ಅನುವಾದಕರ ಹೆಸರಿರುವ, ಮೂವತ್ತು ನಲವತ್ತು ಕಥೆಗಳ ಆಯ್ಕೆಯೊಂದನ್ನು ಕೊಂಡು, ಪ್ರತಿಯೊಂದನ್ನೂ ನೀವು ಮೊದಲು ಓದಿ, ಆಮೇಲೆ ಗಟ್ಟಿಯಾಗಿ ಓದಿ ಹೇಳುವುದು ಸರಿಯಾದ ದಾರಿ.