ಡ್ರಮ್ಸ್‌ಗೆ ಎರಡೇ ಮೈಕ್: ಮಾಳಮಡ್ಡಿಯಲ್ಲಿ ಜಾಝ್ ರೆಕಾರ್ಡ್ ಮಾಡಿದ ನನ್ನ ಅನುಭವ

"ಡ್ರಮ್ಸಿಗೆ ಎರಡ ಮೈಕ್? ತಲಿ ನೆಟ್ಟಗೈತೇನ್ರೀ ನಿಮ್ದು?" ಹುಬ್ಬಳ್ಳಿಯ ಸೌಂಡ್ ಗೆಳೆಯರೊಬ್ಬರು ಹೀಗೆ ಕೇಳಿ ನಕ್ಕಿದ್ದರು. ಈಗ ಅದೇ ರೆಕಾರ್ಡಿಂಗ್ ಅವರ ಕಾರಿನಲ್ಲಿ ಓಡುತ್ತಿದೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನಾನು ಹದಿನೈದು ವರ್ಷದಿಂದ ಮಾಡಿದ್ದು ಹೆಚ್ಚಾಗಿ ಹಿಂದೂಸ್ತಾನಿ ಖ್ಯಾಲ್ ಬೈಠಕ್‌ಗಳ ರೆಕಾರ್ಡಿಂಗ್. ಧಾರವಾಡದಲ್ಲಿ ಕೂತವನಿಗೆ ಬೇರೇನು ಸಿಗುತ್ತೆ? ಜಾಝ್ ತಾನಾಗೇ ಮನೆ ಬಾಗಿಲಿಗೆ ಬಂತು. ಗೋವಾದ ಒಬ್ಬ ಪಿಯಾನೋ ವಾದಕರು, ಬೆಳಗಾವಿಯ ಡಬಲ್ ಬಾಸ್ (ಆಳುದ್ದದ ಪಿಟೀಲಿನಂಥ ವಾದ್ಯ) ವಾದಕರು, ನಮ್ಮ ಹುಬ್ಬಳ್ಳಿ ಕೇಶ್ವಾಪುರದ ಡ್ರಮ್ಸ್ ಹುಡುಗ. ಎದುರಿಗೆ ಜನ ಕೂತಿರಬೇಕು, ಮೂವರೂ ಒಟ್ಟಿಗೇ ಬಾರಿಸಬೇಕು, ಆಮೇಲೆ ಸೇರಿಸುವುದು ಬೇಡ ಅಂದರು.

ಮೊದಲ ಸಲ ಒಂದು ದೊಡ್ಡ ಹಾಲ್ ಹಿಡಿದೆ. ಡ್ರಮ್ಸ್ ಒಂದಕ್ಕೇ ಏಳು ಮೈಕ್. ಕಾಲಿನಿಂದ ಬಾರಿಸುವ ಕಿಕ್‌ಗೆ ಒಂದು, ತಳದಲ್ಲಿ ತಂತಿ ಇರುವ ಸ್ನೇರ್ ಡ್ರಮ್ ಮೇಲೊಂದು ಕೆಳಗೊಂದು, ಟಾಮ್ ಡ್ರಮ್‌ಗಳಿಗೆ ಎರಡು, ಮೇಲಿಂದ ಹಿಡಿಯುವ ಓವರ್‌ಹೆಡ್ ಎರಡು. ಮನೆಗೆ ಬಂದು ಕೇಳಿದರೆ ಬಾಸ್ ಎಲ್ಲೂ ಇಲ್ಲ. ಬಾಸ್ ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) ಏರಿಸಿದರೆ ಅದರ ಜೊತೆ ರೈಡ್ ಸಿಂಬಲ್ಲೂ, ಅಂದರೆ ಕೋಲಿನಿಂದ ಬಾರಿಸುವ ದೊಡ್ಡ ಲೋಹದ ತಟ್ಟೆಯೂ, ಏರುತ್ತಿತ್ತು. ಪಿಯಾನೋಗೆ, ಜೋರು ಸದ್ದು ತಗ್ಗಿಸಿ ಸಮ ಮಾಡುವ ಕಂಪ್ರೆಸರ್ ಹಾಕಿದೆ. ಪಿಯಾನೋ ಮೆತ್ತಗಾದಾಗಲೆಲ್ಲ ಸಿಂಬಲ್ ಉಬ್ಬಿ ಉಬ್ಬಿ ಬಂತು. ಸಿಟ್ಟಿಗೆ ಡ್ರಮ್ಸ್‌ನ ಏಳೂ ಟ್ರ್ಯಾಕ್ ಮ್ಯೂಟ್ ಮಾಡಿದೆ. ಡ್ರಮ್ಸ್ ಹೋಗಲೇ ಇಲ್ಲ! ಪಿಯಾನೋ ಮೈಕಿನಲ್ಲಿ, ಬಾಸ್ ಮೈಕಿನಲ್ಲಿ, ಎಲ್ಲ ಕಡೆ ಅದೇ. ಅದೂ ಮೂರೂವರೆ ಮೀಟರ್ ದೂರದಿಂದ, ಹತ್ತು ಮಿಲಿಸೆಕೆಂಡ್ ತಡವಾಗಿ, ಸಿಮೆಂಟ್ ಗೋಡೆಗೆ ಬಡಿದು ಬಂದ ಸದ್ದು. ಹನ್ನೊಂದು ದಿನ ಮಿಕ್ಸ್ ಮಾಡಿದೆ. ಕೊನೆಗೆ ಅಡ್ವಾನ್ಸ್ ವಾಪಸ್ ಕೊಟ್ಟೆ. ಮೈಕ್ ಬಾಡಿಗೆ, ಜನರೇಟರ್, ಗಾಡಿ ಎಲ್ಲ ಸೇರಿ ಸುಮಾರು 22 ಸಾವಿರ ನೀರಲ್ಲಿ ಹೋಯಿತು.

ಎರಡನೇ ಸಲ ಬಡಿಗೇರರಿಂದ ಡ್ರಮ್ಸ್ ಸುತ್ತ ಅಕ್ರಿಲಿಕ್ ಗೋಡೆ ಮಾಡಿಸಿದೆ. ಹುಡುಗನಿಗೆ ಬಾಸ್ ಕೇಳದೆ ಅವನು ಇನ್ನೂ ಜೋರಾಗಿ ಬಾರಿಸಿದ. ಏಳೆಂಟು ಸಾವಿರ. ಆ ಹಾಳೆ ಈಗ ಹಿತ್ತಲಲ್ಲಿ ಸ್ಕೂಟರ್‌ಗೆ ಮಳೆ ತಾಗದಂತೆ ನಿಂತಿದೆ.

ದಾರಿ ತೋರಿಸಿದ್ದು ತಬಲಾ. ಬೈಠಕ್‌ನಲ್ಲಿ ನಾನು ತಬಲಾ ಫೇಡರ್ ಮುಟ್ಟುವುದೇ ಅಪರೂಪ. ಗವಾಯಿ ಮೆತ್ತಗಾದರೆ ತಬಲಾದವರ ಕೈಯೇ ಇಳಿಯುತ್ತೆ. ಜಾಝ್‌ನಲ್ಲಿ ಠೇಕಾ, ಅಂದರೆ ಲಯದ ಮೂಲ ಬಡಿತ, ಹಿಡಿಯುವುದು ರೈಡ್ ಸಿಂಬಲ್. ಅಮೆರಿಕದ ಡ್ರಮ್ಮರ್ ಕೆನ್ನಿ ಕ್ಲಾರ್ಕ್ 1940ರ ಆಸುಪಾಸಿನಲ್ಲಿ ಲಯವನ್ನು ಕಿಕ್‌ನಿಂದ ರೈಡ್‌ಗೆ ತಂದ ಮೇಲೆ ಆ ಕೆಲಸ ಅದರದ್ದೇ ಆಯಿತು. ಅಂದರೆ ಹುಡುಗನ ಬಲಗೈಯೇ ನನ್ನ ಮಿಕ್ಸರ್, ಡ್ರಮ್ಸ್‌ಗೆ ಎರಡೇ ಮೈಕ್ ಸಾಕು ಅಂದುಕೊಂಡೆ. ಅವನಿಗೆ ಪಿಯಾನೋ ವಾದಕ ಬಿಲ್ ಇವಾನ್ಸ್ ಅವರ ತಂಡ 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಜಾಝ್ ಕ್ಲಬ್ಬಿನಲ್ಲಿ ಬಾರಿಸಿದ್ದನ್ನು ಕೇಳಿಸಿದೆ. ಜನರ ಗ್ಲಾಸಿನ ಸದ್ದೂ ಅದರಲ್ಲಿದೆ. ಆದರೂ ಸ್ಕಾಟ್ ಲಫಾರೋ ಬಾಸ್‌ನ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತೆ. ಡ್ರಮ್ಸ್‌ನ ಪಾಲ್ ಮೋಶನ್ ಜಾಗ ಬಿಟ್ಟುಕೊಟ್ಟಿದ್ದಕ್ಕೇ ಅದು.

ಮೂರು ವಾರ ಡ್ರಮ್ಸ್‌ಗೆ ಮೈಕ್ ಹಿಡಿಯಲಿಲ್ಲ. ನಮ್ಮ ಮನೆ ಪಡಸಾಲೆಯಲ್ಲಿ ಬರೀ ತಾಲೀಮು. ದಪ್ಪ 5ಬಿ ಕೋಲು ಬಿಡಿಸಿ ತೆಳು 7ಎ ಕೊಟ್ಟೆ, ಅರ್ಧದಷ್ಟು ಹಾಡಿಗೆ ಕೋಲಿನ ಬದಲು ಬ್ರಶ್. ಬಾಸ್‌ನ ಆಂಪ್ಲಿಫೈಯರ್ ಬಂದ್. ನಿಯಮ ಒಂದೇ: ಬಾಸ್‌ನವರ ಬೆರಳು ನಿನಗೆ ಕೇಳಿಸಲಿಲ್ಲ ಅಂದರೆ ನಿನ್ನದು ಜಾಸ್ತಿ ಆಯಿತು. ಹುಡುಗ ಮುಖ ಊದಿಸಿದ. "ಅಣ್ಣಾ, ಮದುವಿ ಆರ್ಕೆಸ್ಟ್ರಾದಾಗ ಹಿಂಗ ಬಾರ್ಸಿದ್ರ ರೊಕ್ಕ ಕೊಡಂಗಿಲ್ಲ."

ಅವನು ಮೆತ್ತಗೆ ಬಾರಿಸಲು ಕಲಿತ. ಆದರೆ ಲಯ ಜಗ್ಗತೊಡಗಿತು. ನಿಮಿಷಕ್ಕೆ 132 ಬಡಿತಕ್ಕೆ ಶುರುವಾದದ್ದು 124ಕ್ಕೆ ಬಂದು ಕೂರುತ್ತಿತ್ತು. ಇಲ್ಲೇ ಹೆಚ್ಚಿನವರು ಕೈಬಿಡುತ್ತಾರೆ ಅಂತ ನನ್ನ ಅನುಮಾನ. ಮೆಲ್ಲಗೆ ಅಂದರೆ ನಿಧಾನ ಅಲ್ಲ ಅಂತ ಕೈಗೆ ಅರ್ಥ ಆಗಲು ಹತ್ತು ದಿನ ಹಿಡಿಯಿತು. ಕೋಲು ಸಿಂಬಲ್‌ನಿಂದ ಎರಡು ಮೂರು ಇಂಚಿಗಿಂತ ಮೇಲೆ ಏಳಬಾರದು, ಹೈಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ತಟ್ಟೆ) ಕಾಲು ಮಾತ್ರ ಎರಡನೇ ಮತ್ತು ನಾಲ್ಕನೇ ಮಾತ್ರೆಗೆ ಗಟ್ಟಿಯಾಗಿರಬೇಕು. ಇದರಿಂದ ಸರಿಹೋಯಿತು. ಇನ್ನೊಂದು ಕಾಟ ಸ್ನೇರ್ ತಂತಿ. ಬಾಸ್ ಸೋಲೋ ಬಂದಾಗ ಯಾರೂ ಮುಟ್ಟದಿದ್ದರೂ ಜರ್ ಅನ್ನುತ್ತಿತ್ತು. ಆಗೆಲ್ಲ ತಂತಿ ಸಡಿಲಿಸು ಅಂದೆ. ಎರಡು ಸಲ ಮರೆತ, ಆ ಎರಡೂ ಸಲ ಸೋಲೋ ಹಾಳಾಯಿತು.

ನಡುವೆ ಹೋಳಿ ಬಂತು. ಸುಮ್ನೆ ಇರಲಾರದೆ ಡ್ರಮ್ಸ್‌ಗೆಂದು ಇಟ್ಟಿದ್ದ ಅದೇ ಎರಡು ಮೈಕ್ ಹಿಡಿದು ಜಗ್ಗಲಗಿ (ದೊಡ್ಡ ಚರ್ಮವಾದ್ಯ) ಮೇಳದ ಮುಂದೆ ನಿಂತೆ. ಹತ್ತು ಅಡಿಯಲ್ಲಿ ಪೂರಾ ಕ್ಲಿಪ್, ಅಂದರೆ ಸದ್ದು ಮಿತಿ ಮೀರಿ ಒಡೆಯಿತು. ಹಿಂದೆ ಹಿಂದೆ ಸರಿದು ಅರವತ್ತು ಅಡಿಗೆ, ಒಂದು ಬೇವಿನ ಮರದ ಆಚೆ ಹೋದಾಗ ಚರ್ಮದ ಸದ್ದು ಚೆನ್ನಾಗಿ ಬಂತು. ಜಗ್ಗಲಗಿಯವರಿಗೆ ಮೆತ್ತಗೆ ಬಾರಿಸಿ ಅಂತ ಹೇಳೋಕಾಗುತ್ತಾ? ಅಲ್ಲಿ ನಾವೇ ಸರಿಯಬೇಕು.

ರೆಕಾರ್ಡಿಂಗ್ ಧಾರವಾಡದ ಮಾಳಮಡ್ಡಿಯ ಹಳೇ ಹಂಚಿನ ಮನೆಯಲ್ಲಿ. ನಲವತ್ತು ಜನ. ಡ್ರಮ್ಸ್ ಕೆಳಗೆ ದಪ್ಪ ನವಲಗುಂದ ಜಮಖಾನೆ, ಹಿಂದಿನ ಗೋಡೆಗೆ ಅಜ್ಜಿ ಕಾಲದ ಒಂಬತ್ತು ಕೌದಿ. ಮೂವರೂ ಕೈ ಚಾಚಿದರೆ ಸಿಗುವಷ್ಟು ಹತ್ತಿರ, ತಮ್ಮ ಸದ್ದು ತಾವೇ ಕೇಳಲು ಮಾನಿಟರ್ ಸ್ಪೀಕರ್ ಇಲ್ಲ. ಡ್ರಮ್ಸ್‌ನ ಒಂದು ಮೈಕ್ ಹುಡುಗನ ಬಲ ಭುಜದ ಮೇಲಿಂದ ಸ್ನೇರ್ ನೋಡುತ್ತಿತ್ತು. ಇನ್ನೊಂದು ಎಲ್ಲಿತ್ತು ಅಂತ ಹೇಳಲ್ಲ. ಅದಕ್ಕೆ ನಾಲ್ಕು ತಿಂಗಳು ತೆತ್ತಿದ್ದೇನೆ, ನೀವೂ ಸ್ವಲ್ಪ ಹುಡುಕಿ. ಕಿಕ್ ಮುಂದೆ ಅದು ಇರಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ನಡುವೆ ಮಳೆ ಹಂಚಿಗೆ ಬಡಿದು ಎರಡು ಹಾಡು ಹಾಳಾದವು. ಒಂಬತ್ತರಲ್ಲಿ ಏಳು ಉಳಿದವು.

ಮಿಕ್ಸ್ ಒಂದೂವರೆ ದಿನದಲ್ಲಿ ಮುಗಿಯಿತು. ಬಾಸ್ ಎರಡು ಡೆಸಿಬೆಲ್ ಏರಿಸಿದೆ. ಜೊತೆಗೆ ರೈಡೂ ಏರಿತು, ಆದರೆ ಈ ಸಲ ಅದು ಬೇಕಾದದ್ದೇ ಆಗಿತ್ತು. ಒಟ್ಟು ಖರ್ಚು ಆರು ಸಾವಿರದ ಒಳಗೆ, ಎಲ್ಲರ ಗಿರ್ಮಿಟ್, ಮಿರ್ಚಿ ಸೇರಿ. ಹೈಹ್ಯಾಟ್ ಮಾತ್ರ ಎಡಗಡೆ ಇನ್ನೂ ಚುಚ್ಚುತ್ತೆ. ಮುಂದಿನ ಸಲ ಪಿಯಾನೋ ಮುಚ್ಚಳ ಬೇರೆ ಕಡೆ ತಿರುಗಿಸಿ ನೋಡಬೇಕು.

ಹೋದ ವಾರ ಹುಡುಗನ ಆರ್ಕೆಸ್ಟ್ರಾ ಮಾಲೀಕರು ನನಗೆ ಫೋನ್ ಮಾಡಿದ್ದರು. "ಏನ್ ಕಲಿಸೀರಿ ಸರ ಇವಗ? ಸ್ಟೇಜ್ ಮ್ಯಾಲೆ ಡ್ರಮ್ಸ ಕೇಳವಲ್ದು!"